ಯೌಕೊ ಊರಿನ ಕಾಫಿ ಬೆಳೆಗಾರ ಅಂತೋನಿಯೊ ಮತ್ತೇಯಿ



ಹಣ್ಣು ಕೊಯ್ಲು ಮುಗಿದು, ಬೀಜ ಕಣದಲ್ಲಿ ಒಣಗುತ್ತಿರುವ ಹೊತ್ತಿನಲ್ಲಿ ಕಾಫಿ ಬೆಳೆಗಾರರಾದ ನಿಮ್ಮನ್ನು ಒಂದು ಚಿಂತೆ ಬಿಡದೆ ಕಾಡುತ್ತದೆ. ಈ ಸಲ ಧಾರಣೆ ಏನಾಗುವುದೋ ಎಂಬುದೇ ಆ ಚಿಂತೆ. ಗಿಡಕ್ಕೆ ಗೊಬ್ಬರ ಕೊಡುವುದು, ಕಪಾತು ಮಾಡುವುದು, ನೆರಳು ತಿಳಿ ಮಾಡುವುದು ಇವೆಲ್ಲ ನಿಮ್ಮ ಕೈಯಲ್ಲಿವೆ. ಧಾರಣೆ ಮಾತ್ರ ನೀವು ಕಾಣದ ಊರಿನಲ್ಲಿ, ನೀವು ಅರಿಯದ ಜನರ ಕೈಯಲ್ಲಿದೆ. ಕಾಫಿ ಬೆಳೆಯದೆ ಭತ್ತ, ಅಡಿಕೆ, ಹತ್ತಿ ಬೆಳೆಯುವವರಿಗೂ ಈ ಮಾತು ಹೊಸದೇನಲ್ಲ.

ಇದೇ ಚಿಂತೆಯಲ್ಲಿ ಬದುಕಿ, ತನ್ನ ನಾಡಿನ ಆಡಳಿತ ಬದಲಾದರೆ ಬೆಳೆಗಾರನ ಹಣೆಬರಹವೂ ಬದಲಾದೀತೆಂದು ನಂಬಿ, ಆಸ್ತಿ ಮತ್ತು ಪ್ರಾಣ ಎರಡನ್ನೂ ಪಣಕ್ಕಿಟ್ಟ ಒಬ್ಬ ಕಾಫಿ ಬೆಳೆಗಾರನ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ. ಆತನ ಹೆಸರು ಅಂತೋನಿಯೊ ಮತ್ತೇಯಿ ಯುಬೇರಾಸ್. ಹುಟ್ಟಿದ್ದು ೧೮೫೭ರಲ್ಲಿ, ತೀರಿಕೊಂಡದ್ದು ೧೯೦೮ರಲ್ಲಿ. ಊರು ಯೌಕೊ. ಅದು ಅಮೆರಿಕ ಖಂಡಗಳ ನಡುವಣ ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದಲ್ಲಿದೆ. 

ಬೆಟ್ಟದ ಬುಡದ ಊರು

ಮೊದಲು ಊರನ್ನು ನೋಡೋಣ. ಪೋರ್ಟೊರಿಕೊ ದೊಡ್ಡ ದ್ವೀಪವೇನಲ್ಲ. ಉದ್ದ ಸುಮಾರು ೧೬೦ ಕಿಲೋಮೀಟರ್, ಅಗಲ ಸುಮಾರು ೫೫ ಕಿಲೋಮೀಟರ್. ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಬೆನ್ನೆಲುಬಿನಂತೆ ಬೆಟ್ಟಸಾಲು ಹಾದುಹೋಗಿದೆ. ಮಳೆ ಹೊತ್ತು ತರುವ ಗಾಳಿ ಈಶಾನ್ಯದಿಂದ ಬೀಸುವುದರಿಂದ ಬೆಟ್ಟಕ್ಕೂ ಉತ್ತರಕ್ಕೂ ಮಳೆ ಹೆಚ್ಚು. ದಕ್ಷಿಣದ ಕರಾವಳಿ ಒಣಭೂಮಿ. ಯೌಕೊ ಇರುವುದು ಈ ನೈರುತ್ಯ ಮೂಲೆಯಲ್ಲಿ. ಕೆಳಗೆ ಬಿಸಿಲಿನ ಬಯಲು, ಬೆನ್ನಿಗೆ ತಂಪಾದ ಬೆಟ್ಟ. ನಮ್ಮಲ್ಲಿ ಬಯಲುಸೀಮೆಯಿಂದ ಹೊರಟವರು ಒಂದೆರಡು ಗಂಟೆಯಲ್ಲಿ ಮಲೆನಾಡು ಮುಟ್ಟುವಂತೆ, ಅಲ್ಲಿಯೂ ಸ್ವಲ್ಪ ದೂರ ಏರಿದರೆ ಸೀಮೆಯೇ ಬದಲಾಗುತ್ತದೆ.

ಸ್ಪೇನ್ ದೇಶದವರು ಈ ದ್ವೀಪವನ್ನು ಆಳುತ್ತಿದ್ದ ಕಾಲದಲ್ಲಿ, ೧೭೫೬ರಲ್ಲಿ ಯೌಕೊ ಒಂದು ಊರೆಂದು ವಿಧಿವತ್ತಾಗಿ ಸ್ಥಾಪನೆಯಾಯಿತು. ಕಾಫಿ ಗಿಡ ದ್ವೀಪಕ್ಕೆ ಬಂದದ್ದು ಅದಕ್ಕೂ ಇಪ್ಪತ್ತು ವರ್ಷ ಹಿಂದೆ, ೧೭೩೬ರಲ್ಲಿ. ಆದರೆ ಬಹುಕಾಲ ಅದು ಹಿತ್ತಿಲ ಬೆಳೆಯಾಗಿಯೇ ಉಳಿಯಿತು. ಬಯಲಿನ ಒಳ್ಳೆಯ ಭೂಮಿ ಕಬ್ಬಿಗೆ ಹೋಗಿತ್ತು. ಬೆಟ್ಟ ಮಾತ್ರ ಕಾಡಾಗಿಯೇ ಇತ್ತು.

ಕಡಲಾಚೆಯಿಂದ ಬಂದವರು

ಈ ಕಾಡನ್ನು ತೋಟ ಮಾಡಿದವರು ಹೊರಗಿನಿಂದ ಬಂದವರು. ೧೮೧೫ರಲ್ಲಿ ಸ್ಪೇನಿನ ರಾಜ ಒಂದು ಆಜ್ಞೆ ಹೊರಡಿಸಿದ. ಕ್ಯಾಥೊಲಿಕ್ ಮತದವರಾಗಿದ್ದು, ಸ್ಪೇನಿಗೆ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡುವ ಬೇರೆ ದೇಶದವರಿಗೂ ಪೋರ್ಟೊರಿಕೊದಲ್ಲಿ ಭೂಮಿ ಕೊಡಲಾಗುವುದು ಎಂಬುದು ಆ ಆಜ್ಞೆಯ ಸಾರ. ಐದು ವರ್ಷ ನೆಲೆಸಿದವರಿಗೆ ಸ್ಪೇನಿನ ಪ್ರಜೆಗಳಾಗುವ ಅವಕಾಶವೂ ಇತ್ತು. ಸುತ್ತಲಿನ ವಸಾಹತುಗಳೆಲ್ಲ ದಂಗೆಯೆದ್ದು ಸ್ಪೇನಿನ ಕೈಬಿಡುತ್ತಿದ್ದ ಕಾಲವದು. ಉಳಿದ ದ್ವೀಪವನ್ನಾದರೂ ನಿಷ್ಠರಾದ ಜನರಿಂದ ತುಂಬಿಸಿ ಉಳಿಸಿಕೊಳ್ಳಬೇಕೆಂಬುದು ರಾಜನ ಲೆಕ್ಕಾಚಾರವಾಗಿತ್ತು.

ಹೀಗೆ ಬಂದವರಲ್ಲಿ ಕಾರ್ಸಿಕಾ ದ್ವೀಪದವರು ಮುಖ್ಯರು. ಕಾರ್ಸಿಕಾ ಎಂದರೆ ನೆಪೋಲಿಯನ್ ಹುಟ್ಟಿದ ಸೀಮೆ. ಫ್ರಾನ್ಸಿನ ಆಡಳಿತದಲ್ಲಿದ್ದರೂ ಅಲ್ಲಿನ ಆಡುಮಾತು ಇಟಲಿಯ ನುಡಿಗೆ ಹತ್ತಿರದ್ದು. ಅದರ ಉತ್ತರದ ತುದಿಯಲ್ಲಿ ಬೆರಳಿನಂತೆ ಸಮುದ್ರಕ್ಕೆ ಚಾಚಿಕೊಂಡಿರುವ ಕಲ್ಲುಬೆಟ್ಟದ ಪ್ರದೇಶಕ್ಕೆ ಕಾಪ್ ಕೋರ್ಸ್ ಎಂದು ಹೆಸರು. ಅಲ್ಲಿ ಇಳಿಜಾರಿಗೆ ಕಲ್ಲುಕಟ್ಟೆ ಕಟ್ಟಿ ಅಂಗೈಯಗಲ ಭೂಮಿಯಲ್ಲಿ ದ್ರಾಕ್ಷಿ, ಆಲಿವ್ ಬೆಳೆಯುವ ರೈತರೂ, ಹಡಗು ನಡೆಸುವ ನಾವಿಕರೂ ಇದ್ದರು. ಹೊಲ ಚಿಕ್ಕದು, ಮನೆಯಲ್ಲಿ ಮಕ್ಕಳು ಬಹಳ. ಆದ್ದರಿಂದ ಎಳೆಯರು ಹಡಗು ಹತ್ತಿದರು.

ಇವರು ಬಂದಿಳಿದಾಗ ಪೋರ್ಟೊರಿಕೊದ ಬಯಲುಭೂಮಿ ಮೊದಲು ಬಂದವರ ಪಾಲಾಗಿತ್ತು. ಉಳಿದಿದ್ದುದು ಬೆಟ್ಟ. ಬೆಟ್ಟ ಕಂಡು ಅಂಜುವ ಜನ ಇವರಲ್ಲ. ಯೌಕೊ ಹಿಂದಿನ ಕಾಡಿಗೆ ಹತ್ತಿ, ಮರ ಕಡಿದು, ಬೇಕಾದ ಮರ ಉಳಿಸಿ, ನೆರಳಿನಡಿ ಕಾಫಿ ನೆಟ್ಟರು. ನಮ್ಮಲ್ಲಿ ಹಾಲುವಾಣ ಹೇಗೋ ಅಲ್ಲಿ ಗ್ವಾಬಾ ಎಂಬ ಮರ ಹಾಗೆ. ಅದೂ ದ್ವಿದಳ ಜಾತಿಯ ಮರ. ಎಳೆಯ ಗಿಡಗಳ ನಡುವೆ ಬಾಳೆ ನೆಟ್ಟು ಹೊಟ್ಟೆಗೂ ದಾರಿ ಮಾಡಿಕೊಂಡರು. ಬೀಜ ಒಣಗಿಸುವ ದೊಡ್ಡ ದೊಡ್ಡ ಹಲಗೆ ತಟ್ಟೆಗಳಿಗೆ ಗಾಲಿ ಹಾಕಿ, ಮಳೆ ಬಂದೊಡನೆ ಮೇಜಿನ ಸೇದುಗೂಡಿನಂತೆ ಮನೆಯ ತಳಕ್ಕೆ ತಳ್ಳುವ ಏರ್ಪಾಡು ಅಲ್ಲಿನ ತೋಟಗಳಲ್ಲಿತ್ತು. ಒಣಗುತ್ತಿರುವ ಬೀಜದ ಮೇಲೆ ಹಠಾತ್ತನೆ ಮಳೆ ಸುರಿದು ಕೈಸುಟ್ಟುಕೊಂಡ ನಿಮಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬ ನೆಲೆನಿಂತರೆ ಊರಿನಿಂದ ತಮ್ಮನನ್ನು, ಅಳಿಯನನ್ನು ಕರೆಸಿಕೊಳ್ಳುವುದು ವಾಡಿಕೆಯಾಯಿತು. ಮಾರಿಯಾನಿ, ಫ್ರಾನ್ಸೆಸ್ಕಿ, ಆಗೊಸ್ತೀನಿ, ಮತ್ತೇಯಿ ಮೊದಲಾದ ಕಾರ್ಸಿಕಾದ ಮನೆತನದ ಹೆಸರುಗಳು ಯೌಕೊದಲ್ಲಿ ತುಂಬಿಕೊಂಡವು. ೧೮೬೦ರ ದಶಕದ ಹೊತ್ತಿಗೆ ಆ ಸೀಮೆಯ ಹತ್ತು ತೋಟಗಳಲ್ಲಿ ಏಳು ಇವರದೇ ಆಗಿದ್ದವೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಹಣ ಕೂಡಿದವರು ಕೆಲವರು ಹುಟ್ಟೂರಿಗೆ ಮರಳಿ, ಕಾಪ್ ಕೋರ್ಸ್‌ನ ಹಳ್ಳಿಗಳಲ್ಲಿ ಅರಮನೆಯಂಥ ಮನೆಗಳನ್ನು ಕಟ್ಟಿಸಿದರು. ಅಲ್ಲಿನವರು ಅವನ್ನು ಇಂದಿಗೂ ಅಮೆರಿಕದವರ ಮನೆಗಳೆಂದೇ ಕರೆಯುತ್ತಾರೆ.

ನಮ್ಮ ಕಥಾನಾಯಕನ ಹೆಸರಿನಲ್ಲಿಯೇ ಈ ವಲಸೆಯ ಗುರುತಿದೆ. ಸ್ಪೇನಿನ ಪದ್ಧತಿಯಲ್ಲಿ ಹೆಸರಿನ ಮುಂದೆ ಮೊದಲು ತಂದೆಯ ಮನೆತನ, ಆಮೇಲೆ ತಾಯಿಯ ಮನೆತನ ಬರುತ್ತದೆ. ಮತ್ತೇಯಿ ಎಂಬುದು ಕಾರ್ಸಿಕಾದ ಹೆಸರು. ಯುಬೇರಾಸ್ ಎಂಬುದು ಸ್ಪೇನಿನ ಕ್ಯಾಟಲನ್ ಸೀಮೆಯ ಹೆಸರು. ಎರಡು ಕಡಲತೀರಗಳು ಒಂದು ಕಾಫಿ ಬೆಟ್ಟದಲ್ಲಿ ಕೂಡಿದವು.

ಕೂಲಿಯವನ ಕಿಸೆಯ ಪುಸ್ತಕ

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ತೋಟ ಮಾಡಿದವರು ವಲಸಿಗರು ಎಂದೆವಷ್ಟೆ. ಆದರೆ ಕಳೆ ಕಿತ್ತವರು, ಹಣ್ಣು ಕೊಯ್ದವರು, ಮೂಟೆ ಹೊತ್ತವರು ಯಾರು? ಕೆಲವರು ಗುಲಾಮರು. ಬಹಳ ಮಂದಿ ದ್ವೀಪದ ಬಡ ಬೇಸಾಯಗಾರರು. ಇವರಲ್ಲಿ ಅನೇಕರು ಕಾಗದಪತ್ರವಿಲ್ಲದೆ ಬೆಟ್ಟದಲ್ಲಿ ತುಂಡು ಭೂಮಿ ಮಾಡಿಕೊಂಡು ಬದುಕಿದ್ದವರು. ಕಾಗದ ಹಿಡಿದು ಹೊಸಬರು ಬಂದಾಗ ಕೂಲಿಗಳಾದರು. ನಮ್ಮ ಕಾಡಂಚಿನ ರೈತರಿಗೆ ಈ ಕಥೆ ಅಪರಿಚಿತವಲ್ಲ.

೧೮೪೯ರಲ್ಲಿ ಸರಕಾರ ಒಂದು ಕಾನೂನು ತಂದಿತು. ಭೂಮಿಯಿಲ್ಲದ ಪ್ರತಿಯೊಬ್ಬ ಕೂಲಿಯೂ ಒಂದು ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು. ಎಲ್ಲಿ ದುಡಿದ, ಹೇಗೆ ದುಡಿದ, ಎಷ್ಟು ಸಾಲವಿದೆ ಎಂಬುದನ್ನು ಧಣಿ ಅದರಲ್ಲಿ ಬರೆಯಬೇಕು. ಪುಸ್ತಕವಿಲ್ಲದೆ ಸಿಕ್ಕಿಬಿದ್ದವನಿಗೆ ಶಿಕ್ಷೆ. ಧಣಿಯ ಷರಾ ಕೆಟ್ಟದ್ದಾದರೆ ಬೇರೆಡೆ ಕೆಲಸ ಸಿಗುವುದು ಕಷ್ಟ. ಗುಲಾಮಗಿರಿಯೂ ಈ ಪುಸ್ತಕದ ಪದ್ಧತಿಯೂ ರದ್ದಾದುದು ೧೮೭೩ರಲ್ಲಿ. ಆಗ ಮತ್ತೇಯಿಗೆ ಹದಿನಾರು ವರ್ಷ. ಆದರೂ ಅನೇಕ ತೋಟಗಳಲ್ಲಿ ಕೂಲಿಯನ್ನು ನಾಣ್ಯದಲ್ಲಿ ಕೊಡದೆ, ತೋಟದ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುವ ರೂಢಿ ಮುಂದುವರಿಯಿತು.

ಅದಕ್ಕೂ ಐದು ವರ್ಷ ಹಿಂದೆ, ೧೮೬೮ರ ಸೆಪ್ಟೆಂಬರ್ ೨೩ರಂದು, ಲಾರೆಸ್ ಎಂಬ ಇನ್ನೊಂದು ಕಾಫಿ ಊರಿನಲ್ಲಿ ಸ್ಪೇನಿನ ವಿರುದ್ಧ ದಂಗೆ ನಡೆದಿತ್ತು. ವ್ಯಾಪಾರಿಗಳ ಸಾಲದಲ್ಲಿ ಮುಳುಗಿದ್ದ ಬೆಳೆಗಾರರೂ, ಪುಸ್ತಕದ ಕಾಟದಿಂದ ಬೇಸತ್ತ ಕೂಲಿಗಳೂ ಅದರಲ್ಲಿ ಸೇರಿದ್ದರು. ದಂಗೆ ಬೇಗನೆ ಅಡಗಿತು. ಮತ್ತೇಯಿ ಆಗ ಹುಡುಗ. ದ್ವೀಪದ ಬೆಟ್ಟಗಳಲ್ಲಿ ಆ ನೆನಪು ಮಾತ್ರ ಅಡಗಲಿಲ್ಲ.

ಹಣ ಬಂದ ಕಾಲ

ಮತ್ತೇಯಿ ಬೆಳೆದು ದೊಡ್ಡವನಾದದ್ದು ಕಾಫಿಯ ಒಳ್ಳೆಯ ದಿನಗಳಲ್ಲಿ. ೧೮೭೦ರ ನಂತರದ ಇಪ್ಪತ್ತೈದು ವರ್ಷ ಪೋರ್ಟೊರಿಕೊ ಕಾಫಿಗೆ ಯೂರೋಪಿನಲ್ಲಿ ಬೇಡಿಕೆ ಏರುತ್ತಲೇ ಹೋಯಿತು. ಸ್ಪೇನ್, ಫ್ರಾನ್ಸ್, ಜರ್ಮನಿ, ಇಟಲಿ ಮತ್ತು ನೆರೆಯ ಕ್ಯೂಬಾ ಇದನ್ನು ಕೊಳ್ಳುತ್ತಿದ್ದವು. ೧೮೯೦ರ ದಶಕದಲ್ಲಿ ಕಾಫಿ ಸಕ್ಕರೆಯನ್ನೂ ಹಿಂದೆ ಹಾಕಿ, ದ್ವೀಪದ ರಫ್ತಿನ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ತಾನೇ ತುಂಬಿತು. ಯೌಕೊದ ಬೀಜಕ್ಕಂತೂ ವಿಶೇಷ ಹೆಸರು. ರಾಜರೂ ಪೋಪ್ ಗುರುಗಳೂ ಕುಡಿಯುತ್ತಿದ್ದ ಕಾಫಿ ತಮ್ಮದು ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮತ್ತೇಯಿ ಅನುಕೂಲಸ್ಥ ಬೆಳೆಗಾರ. ತೋಟವಿತ್ತು, ಹಣವಿತ್ತು, ಊರಿನಲ್ಲಿ ಮರ್ಯಾದೆಯಿತ್ತು. ಇಂಥವನು ಬಂಡಾಯಕ್ಕೆ ಏಕೆ ಇಳಿದ ಎಂದು ನೀವು ಕೇಳಬಹುದು.

ಆಗಿನ ಪರಿಸ್ಥಿತಿಯನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಬೆಳೆ ದ್ವೀಪದವರದು. ಆದರೆ ಸುಂಕ ಹಾಕುವವರು, ಅಧಿಕಾರ ನಡೆಸುವವರು ಸ್ಪೇನಿನಿಂದ ಬಂದವರು. ಬೆಳೆಗಾರನಿಗೆ ಮುಂಗಡ ಕೊಟ್ಟು, ಫಸಲನ್ನು ತಾನೇ ಕೊಳ್ಳುವ ದೊಡ್ಡ ವ್ಯಾಪಾರಿಗಳಲ್ಲಿಯೂ ಬಹಳ ಮಂದಿ ಸ್ಪೇನಿನವರು. ೧೮೮೭ರಲ್ಲಿ ದ್ವೀಪದವರು ಇಂಥ ವ್ಯಾಪಾರಿಗಳ ಅಂಗಡಿಗಳನ್ನು ಬಹಿಷ್ಕರಿಸಲು ಗುಟ್ಟಾಗಿ ಸಂಘ ಕಟ್ಟಿದರೆಂದು ಆಗಿನ ಗವರ್ನರ್ ಪಲಾಸಿಯೊ ಕ್ರೂರವಾಗಿ ಸೇಡು ತೀರಿಸಿಕೊಂಡ. ಸಿವಿಲ್ ಗಾರ್ಡ್ ಎಂಬ ಪೊಲೀಸ್ ಪಡೆ ದಕ್ಷಿಣದ ಊರುಗಳಲ್ಲಿ ಜನರನ್ನು ಹಿಡಿದು, ಕಟ್ಟಿ, ಹೊಡೆದು, ಬಾಯಿ ಬಿಡಿಸಿತು. ಯೌಕೊ ಕೂಡ ಈ ಹಿಂಸೆಯನ್ನು ಕಂಡಿತು. ದ್ವೀಪದ ಚರಿತ್ರೆಯಲ್ಲಿ ಆ ವರ್ಷಕ್ಕೆ ಭೀಕರ ವರ್ಷವೆಂದೇ ಹೆಸರು. ಮತ್ತೇಯಿಗೆ ಆಗ ಮೂವತ್ತು ವರ್ಷ. ಹಣವಿದ್ದರೂ ಸ್ವಂತ ಊರಿನಲ್ಲಿ ತಲೆಯೆತ್ತಿ ನಡೆಯುವಂತಿಲ್ಲ ಎಂಬುದು ಅಂದಿನ ತಲೆಮಾರಿಗೆ ಮನದಟ್ಟಾಯಿತು.

ಬಾವುಟ ಬಂದ ಬಗೆ

೧೮೯೫ರಲ್ಲಿ ನೆರೆಯ ಕ್ಯೂಬಾ ಸ್ಪೇನಿನ ವಿರುದ್ಧ ಯುದ್ಧಕ್ಕೆ ನಿಂತಿತು. ಅದೇ ವರ್ಷದ ಡಿಸೆಂಬರ್ ೨೨ರಂದು ನ್ಯೂಯಾರ್ಕ್ ನಗರದಲ್ಲಿ ನೆಲೆಸಿದ್ದ ಪೋರ್ಟೊರಿಕೊ ದೇಶಭಕ್ತರು ಸಭೆ ಸೇರಿ, ಕ್ಯೂಬಾದ ಬಾವುಟದ ಬಣ್ಣಗಳನ್ನೇ ಅದಲುಬದಲು ಮಾಡಿ ತಮ್ಮದೊಂದು ಬಾವುಟವನ್ನು ಮಾಡಿಕೊಂಡರು. ಕೆಂಪು ಬಿಳುಪಿನ ಐದು ಪಟ್ಟೆ, ನೀಲಿ ತ್ರಿಕೋನ, ಅದರಲ್ಲಿ ಬಿಳಿಯ ಒಂಟಿ ನಕ್ಷತ್ರ.

ಯೌಕೊದಲ್ಲಿ ಮತ್ತೇಯಿ ಮತ್ತು ಮತೆಯೊ ಮೆರ್ಕಾಡೊ ಎಂಬವರ ಮುಂದಾಳುತನದಲ್ಲಿ ಒಂದು ಗುಪ್ತ ಕೂಟ ೧೮೯೬ರಲ್ಲಿ ಸಿದ್ಧವಾಯಿತು. ಸಿವಿಲ್ ಗಾರ್ಡಿಗೆ ವಾಸನೆ ಹತ್ತಿ ಎಲ್ಲರನ್ನೂ ಹಿಡಿದರು. ಆದರೆ ಬೇಗನೆ ಬಿಡುಗಡೆಯಾಯಿತು. ಸಾಮಾನ್ಯವಾಗಿ ಇಂಥ ಪೆಟ್ಟು ತಿಂದ ಸ್ಥಿತಿವಂತ ಮನೆ ಸೇರಿ ಕೈತೊಳೆದುಕೊಳ್ಳುತ್ತಾನೆ. ಮತ್ತೇಯಿ ಹಾಗೆ ಮಾಡಲಿಲ್ಲ. ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಕ್ರಾಂತಿಕಾರಿ ಸಮಿತಿಯನ್ನು ಕಂಡ. ಲಾರೆಸ್ ದಂಗೆಯಲ್ಲಿ ಹೋರಾಡಿ ಬದುಕಿ ಉಳಿದ ಹಿರಿಯರು ಆ ಸಮಿತಿಯಲ್ಲಿದ್ದರು. ಅವರೊಡನೆ ಕುಳಿತು ಹೊಸ ದಂಗೆಯ ಯೋಜನೆ ಹಾಕಿದ. ಊರಿಗೆ ಮರಳುವಾಗ ಹೊಸ ಬಾವುಟವನ್ನು ಜೊತೆಯಲ್ಲಿ ತಂದ. ಸಿಕ್ಕಿಬಿದ್ದಿದ್ದರೆ ಆ ಒಂದು ತುಂಡು ಬಟ್ಟೆಯೇ ರಾಜದ್ರೋಹಕ್ಕೆ ಸಾಕ್ಷಿಯಾಗುತ್ತಿತ್ತು.

ಎರಡು ದಿನಗಳ ದಂಗೆ

ಗುಟ್ಟು ನಿಲ್ಲಲಿಲ್ಲ. ಯೌಕೊದ ಮೇಯರ್ ಲ್ಯುಚ್ ಬರ್ರೇರಾಸ್‌ಗೆ ಸುಳಿವು ಸಿಕ್ಕಿ, ಆತ ಗವರ್ನರ್‌ಗೆ ಸುದ್ದಿ ಮುಟ್ಟಿಸಿದ. ಸುದ್ದಿ ಹೊರಬಿತ್ತೆಂದು ತಿಳಿದ ಫಿಡೆಲ್ ವೆಲೆಸ್ ಎಂಬ ಇನ್ನೊಬ್ಬ ಮುಂದಾಳು ಮತ್ತೇಯಿಯನ್ನು ಕಂಡು, ಇನ್ನು ಕಾಯುವಂತಿಲ್ಲ, ಈಗಲೇ ಏಳಬೇಕೆಂದು ಒತ್ತಾಯಿಸಿದ. ಹಣ್ಣಾಗುವ ಮೊದಲೇ ಕೊಯ್ಯಬೇಕಾಗಿ ಬಂದ ಫಸಲಿನಂತಾಯಿತು ಆ ದಂಗೆ.

೧೮೯೭ರ ಮಾರ್ಚ್ ೨೪ರಂದು ವೆಲೆಸ್ ಮತ್ತು ಆತನ ಸಂಗಡಿಗರು ಯೌಕೊ ಕಡೆಗೆ ನಡೆದರು. ಸಿವಿಲ್ ಗಾರ್ಡಿನ ಠಾಣೆಯ ಮೇಲೆ ಬಿದ್ದು ಅಲ್ಲಿನ ಬಂದೂಕು ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಬೇಕೆಂಬುದು ಅವರ ಉದ್ದೇಶ. ಒಂಟಿ ನಕ್ಷತ್ರದ ಬಾವುಟ ಪೋರ್ಟೊರಿಕೊ ನೆಲದಲ್ಲಿ ಮೊದಲ ಬಾರಿಗೆ ಹಾರಿದ್ದು ಅಂದೇ. ಆದರೆ ಸ್ಪೇನಿನವರು ಮೊದಲೇ ಹೊಂಚುಹಾಕಿ ಕಾದಿದ್ದರು. ಗುಂಡು ಹಾರಿದೊಡನೆ ದಂಗೆಕೋರರು ಹಿಮ್ಮೆಟ್ಟಬೇಕಾಯಿತು. ಮಾರ್ಚ್ ೨೬ರಂದು ಇನ್ನೊಂದು ಗುಂಪು ಊರಿನ ಹೊರಗೆ ಕೆಬ್ರಾದಾಸ್ ಎಂಬಲ್ಲಿ ಹೋರಾಡಿ ಸೋತಿತು. ಅಲ್ಲಿಗೆ ಎಲ್ಲವೂ ಮುಗಿಯಿತು.

ನೂರೈವತ್ತಕ್ಕೂ ಹೆಚ್ಚು ಮಂದಿ ಬಂಧಿತರಾಗಿ ಪೊನ್ಸೆ ನಗರದ ಸೆರೆಮನೆ ಸೇರಿದರು. ವೆಲೆಸ್ ಸೇಂಟ್ ಥಾಮಸ್ ದ್ವೀಪಕ್ಕೆ ತಪ್ಪಿಸಿಕೊಂಡ. ಮತ್ತೇಯಿ ತೋಟ, ಊರು ಎಲ್ಲವನ್ನೂ ಬಿಟ್ಟು ನ್ಯೂಯಾರ್ಕಿಗೆ ದೇಶಭ್ರಷ್ಟನಾಗಿ ಹೋದ. ಸ್ಪೇನಿನ ಆಡಳಿತದ ವಿರುದ್ಧ ಪೋರ್ಟೊರಿಕೊದಲ್ಲಿ ನಡೆದ ದೊಡ್ಡ ದಂಗೆಗಳು ಎರಡೇ. ಮೊದಲನೆಯದು ಲಾರೆಸ್, ಎರಡನೆಯದೂ ಕೊನೆಯದೂ ಯೌಕೊ. ಎರಡೂ ಕಾಫಿ ಬೆಳೆಯುವ ಊರುಗಳು ಎಂಬುದನ್ನು ಗಮನಿಸಿ.

ಧಾರಣೆ ಬಿದ್ದ ವರ್ಷಗಳು

ಇದೇ ಹೊತ್ತಿಗೆ ಬಂದೂಕಿಗಿಂತ ಬಲವಾದ ಇನ್ನೊಂದು ಶಕ್ತಿ ಕೆಲಸ ಮಾಡತೊಡಗಿತ್ತು. ಬ್ರೆಜಿಲ್ ದೇಶದಲ್ಲಿ ಹೊಸದಾಗಿ ನೆಟ್ಟಿದ್ದ ವಿಸ್ತಾರವಾದ ಕಾಫಿ ತೋಟಗಳು ಒಮ್ಮೆಲೇ ಫಲಕ್ಕೆ ಬಂದವು. ಪೇಟೆಯಲ್ಲಿ ಮಾಲು ತುಂಬಿ ತುಳುಕಿತು. ೧೮೯೫ರಿಂದ ೧೮೯೮ರೊಳಗೆ ಸಾಮಾನ್ಯ ದರ್ಜೆಯ ಕಾಫಿಯ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. ಈ ಹೊಡೆತ ತಟ್ಟಿದ್ದು ಯೌಕೊಗೆ ಮಾತ್ರವಲ್ಲ. ನಮ್ಮ ಕೊಡಗು ಮತ್ತು ಮೈಸೂರು ಸೀಮೆಯ ತೋಟಗಳೂ ಅದೇ ವರ್ಷಗಳಲ್ಲಿ ಸೊರಗಿದವು. ಚಿಕ್ಕಮಗಳೂರಿನ ಬೆಳೆಗಾರನೂ ಯೌಕೊದ ಬೆಳೆಗಾರನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರ ಕಣದ ಬೀಜಕ್ಕೂ ಬೆಲೆ ಕಟ್ಟುತ್ತಿದ್ದುದು ಒಂದೇ ಪೇಟೆ.

ಹೊಸ ಧಣಿ

೧೮೯೮ರಲ್ಲಿ ಸ್ಪೇನಿಗೂ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಯುದ್ಧ ಹತ್ತಿತು. ನ್ಯೂಯಾರ್ಕಿನಲ್ಲಿದ್ದ ಪೋರ್ಟೊರಿಕೊದವರಲ್ಲಿ ಕೆಲವರು, ಅಮೆರಿಕದ ಸೈನ್ಯ ಬಂದರೆ ಸ್ಪೇನ್ ತೊಲಗುವುದೆಂದು ಭಾವಿಸಿ, ಆ ಸೈನ್ಯಕ್ಕೆ ನೆರವಾಗಲು ಒಂದು ಆಯೋಗ ಮಾಡಿಕೊಂಡರು. ಮತ್ತೇಯಿ ಅದಕ್ಕೆ ಸೇರಿದ. ಪ್ಯಾರಿಸ್ಸಿನಲ್ಲಿದ್ದ ಹಿರಿಯ ಮುಂದಾಳು ಡಾಕ್ಟರ್ ಬೆಟಾನ್ಸೆಸ್‌ಗೆ ಮಾತ್ರ ಇದರಲ್ಲಿ ಭಯವಿತ್ತು. ತಾವಾಗಿ ಗೆಲ್ಲದೆ ಇನ್ನೊಬ್ಬರ ಕೈಯಿಂದ ಬಿಡುಗಡೆ ಪಡೆದರೆ ದ್ವೀಪ ಮತ್ತೆ ವಸಾಹತಾಗಿಯೇ ಉಳಿದೀತೆಂದು ಆತ ಎಚ್ಚರಿಸಿದ್ದ.

ಜುಲೈ ೨೫ರಂದು ಜನರಲ್ ಮೈಲ್ಸ್‌ನ ಸೈನ್ಯ ಗ್ವಾನಿಕಾ ಎಂಬ ಕೊಲ್ಲಿಯಲ್ಲಿ ಬಂದಿಳಿಯಿತು. ಗ್ವಾನಿಕಾ ಆಗ ಯೌಕೊ ಊರಿನದೇ ಭಾಗ. ೧೯೧೪ರವರೆಗೂ ಹಾಗೆಯೇ ಇತ್ತು. ಮರುದಿನ ಯೌಕೊ ರಸ್ತೆಯಲ್ಲಿ ಸಣ್ಣ ಕಾಳಗ ನಡೆದು ಸ್ಪೇನಿನವರು ಹಿಂದೆ ಸರಿದರು. ಯೌಕೊದ ಆಗಿನ ಮೇಯರ್ ಫ್ರಾನ್ಸಿಸ್ಕೊ ಮೆಹೀಯಾ ಹೊಸಬರನ್ನು ಸ್ವಾಗತಿಸಿ ಪ್ರಕಟಣೆ ಹೊರಡಿಸಿದ. ವರ್ಷದ ಹಿಂದೆ ಯಾವ ಊರನ್ನು ಬಿಡಿಸಲು ಮತ್ತೇಯಿಯ ಸಂಗಡಿಗರು ಸೋತಿದ್ದರೋ ಆ ಊರನ್ನು ಪರದೇಶದ ಸೈನ್ಯ ಮೂರು ನಾಲ್ಕು ದಿನಗಳಲ್ಲಿ ಪಡೆಯಿತು. ಆದರೆ ಅಲ್ಲಿ ಏರಿದ್ದು ಮತ್ತೇಯಿ ತಂದ ಬಾವುಟವಲ್ಲ. ಡಿಸೆಂಬರ್ ೧೦ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಈ ದ್ವೀಪವನ್ನು ಅಮೆರಿಕಕ್ಕೆ ಒಪ್ಪಿಸಿಬಿಟ್ಟಿತು. ದ್ವೀಪದವರನ್ನು ಕೇಳಿದವರಿಲ್ಲ.

ಆ ತಿಂಗಳುಗಳಲ್ಲಿ ಬೆಟ್ಟದ ತೋಟಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಡಕೂಲಿಗಳ ಗುಂಪುಗಳು ರಾತ್ರಿ ಹೊತ್ತು ತೋಟದ ಮನೆಗಳ ಮೇಲೆ ಬಿದ್ದು ದೋಚಿದವು. ಹಲವು ಕಡೆ ಅವರು ಹುಡುಕಿ ಸುಟ್ಟದ್ದು ಸಾಲದ ಲೆಕ್ಕದ ಪುಸ್ತಕಗಳನ್ನು. ಬೆಳೆಗಾರನಿಗೆ ಸ್ಪೇನ್ ಧಣಿಯಾಗಿದ್ದರೆ ಕೂಲಿಯವನಿಗೆ ಬೆಳೆಗಾರನೇ ಧಣಿಯಾಗಿದ್ದ. ಬಿಡುಗಡೆ ಎಂಬ ಒಂದೇ ಮಾತು ಇಬ್ಬರಿಗೂ ಬೇರೆ ಬೇರೆಯಾಗಿ ಕೇಳಿಸಿತ್ತು.

ಬಿರುಗಾಳಿ ಬಂದ ದಿನ

೧೮೯೯ರ ಆಗಸ್ಟ್ ೮ರಂದು ಸಾನ್ ಸಿರಿಯಾಕೊ ಎಂಬ ಚಂಡಮಾರುತ ದ್ವೀಪವನ್ನು ಅಡ್ಡಲಾಗಿ ದಾಟಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕಾಫಿ ಹಣ್ಣಾಗುವ ಸಮಯ. ಆ ವರ್ಷದ ಫಸಲಿನ ಬಹುಪಾಲು ನೆಲಕಚ್ಚಿತು. ಫಸಲು ಹೋದರೆ ಮುಂದಿನ ವರ್ಷ ಬಂದೀತು. ಆದರೆ ಗಿಡವೂ ನೆರಳಿನ ಮರವೂ ಹೋದರೆ? ಹೊಸ ಗಿಡ ಫಲ ಕೊಡಲು ನಾಲ್ಕೈದು ವರ್ಷ. ಅದಕ್ಕೆ ನೆರಳಾಗುವ ಮರ ಬೆಳೆಯಲು ಇನ್ನೂ ಹೆಚ್ಚು. ಅಷ್ಟು ಕಾಲ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಹಿಂದೆಯೂ ಗಾಳಿಗಳು ಬಂದಿದ್ದವು, ಬೆಳೆಗಾರ ಎದ್ದು ನಿಂತಿದ್ದ. ಈ ಸಲ ಏಳಲು ಆಧಾರವಿರಲಿಲ್ಲ. ಸ್ಪೇನ್ ಮತ್ತು ಕ್ಯೂಬಾದ ಪೇಟೆಗಳಲ್ಲಿ ಪೋರ್ಟೊರಿಕೊ ಕಾಫಿ ಈಗ ಪರದೇಶದ ಮಾಲಾಗಿ ಸುಂಕಕ್ಕೆ ಗುರಿಯಾಯಿತು. ಅಮೆರಿಕದಲ್ಲಿ ಸಕ್ಕರೆಗೆ ಸುಂಕದ ಬೇಲಿಯಿತ್ತು. ಆದ್ದರಿಂದ ಬೇಲಿಯೊಳಗೆ ಸೇರಿದ ಪೋರ್ಟೊರಿಕೊ ಸಕ್ಕರೆಗೆ ಲಾಭವಾಯಿತು. ಕಾಫಿಗೆ ಅಲ್ಲಿ ಯಾವ ಸುಂಕವೂ ಇರಲಿಲ್ಲ. ಬ್ರೆಜಿಲಿನ ಅಗ್ಗದ ಕಾಫಿ ಕುಡಿದು ರೂಢಿಯಾದ ಆ ಜನ ಯೌಕೊದ ದುಬಾರಿ ಬೀಜವನ್ನು ಕೇಳಲಿಲ್ಲ. ಹಳೆಯ ಪೆಸೊ ನಾಣ್ಯವನ್ನು ೬೦ ಸೆಂಟಿನ ದರದಲ್ಲಿ ಡಾಲರಿಗೆ ಬದಲಾಯಿಸಿದಾಗ ಇದ್ದ ಅಲ್ಪಸ್ವಲ್ಪ ನಗದೂ ಕರಗಿತು. ಸಾಲ ಕೊಡುವವರು ಬೆಟ್ಟ ಬಿಟ್ಟು ಕಬ್ಬಿನ ಬಯಲಿನ ಕಡೆ ತಿರುಗಿದರು. ಗ್ವಾನಿಕಾದಲ್ಲಿ ಅಮೆರಿಕದ ಬಂಡವಾಳದಿಂದ ದೊಡ್ಡ ಸಕ್ಕರೆ ಕಾರ್ಖಾನೆ ಎದ್ದು, ಬೆಟ್ಟದ ಕೂಲಿಗಳನ್ನು ಕೆಳಗೆ ಸೆಳೆಯಿತು.

ಇನ್ನೂ ಹಲವರು ಬಹುದೂರ ಹೋದರು. ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಆಳು ಬೇಕೆಂದು ಏಜೆಂಟರು ಯೌಕೊ ಮುಂತಾದ ಕಾಫಿ ಊರುಗಳಿಗೆ ಬಂದರು. ೧೯೦೦ರ ನವೆಂಬರಿನಲ್ಲಿ ಹೊರಟ ಮೊದಲ ತಂಡ ಹಡಗು, ರೈಲು, ಮತ್ತೆ ಹಡಗು ಎಂದು ಪಯಣಿಸಿ ಡಿಸೆಂಬರ್ ೨೩ರಂದು ಹೊನೊಲುಲು ಸೇರಿತು. ಒಂದು ವರ್ಷದೊಳಗೆ ಸುಮಾರು ೫,೦೦೦ ಮಂದಿ ಹೀಗೆ ಹೋದರು. ಹೊರಗಿನವರು ಬಂದು ಕಟ್ಟಿದ ಊರಿನಿಂದ ಒಳಗಿನವರು ಹೊರಟುಹೋದರು. ಅವರ ಸಂತತಿ ಇಂದಿಗೂ ಹವಾಯಿಯಲ್ಲಿದೆ.

ಕೊನೆಯ ವರ್ಷಗಳು

ಮತ್ತೇಯಿ ಊರಿಗೆ ಮರಳಿದ. ಹೊಸ ಆಡಳಿತದ ಕಾಲದಲ್ಲಿ ಯೌಕೊದ ಮೇಯರ್ ಆಗಿಯೂ ಕೆಲಸ ಮಾಡಿದ. ಒಮ್ಮೆ ತನ್ನ ಮೇಲೆ ದೂರು ಕೊಟ್ಟ ಅಧಿಕಾರಿ ಕುಳಿತಿದ್ದ ಸ್ಥಾನದಲ್ಲಿ ತಾನೇ ಕುಳಿತ. ಬಿದ್ದುಹೋದ ಬೆಟ್ಟದ ತೋಟಗಳೂ ಖಾಲಿಯಾದ ಗುಡಿಸಲುಗಳೂ ಕಣ್ಣೆದುರಿಗಿದ್ದವು. ೧೯೦೮ರಲ್ಲಿ, ಐವತ್ತರ ಗಡಿಯಲ್ಲಿ, ಆತ ತೀರಿಕೊಂಡ.

ಆತನನ್ನು ವೀರನೆಂದು ಹೊಗಳುವವರುಂಟು. ಒಬ್ಬ ಧಣಿಯನ್ನು ಓಡಿಸಲು ಇನ್ನೊಬ್ಬ ಧಣಿಯನ್ನು ಕರೆತಂದವರ ಜೊತೆ ಸೇರಿದನೆಂದು ಆಕ್ಷೇಪಿಸುವವರೂ ಉಂಟು. ಎರಡೂ ಮಾತಿನಲ್ಲಿ ಸತ್ಯವಿದೆ. ಕಳೆದುಕೊಳ್ಳಲು ಬಹಳವಿದ್ದವನು ಆತ. ಆದರೂ ಎರಡು ಸಲ ಅಪಾಯಕ್ಕೆ ತಲೆಯೊಡ್ಡಿದ. ಆತ ಕಾಣದೆ ಹೋದದ್ದು ಒಂದಿದೆ. ಬೆಳೆಗಾರನ ಕೊರಳಿಗೆ ಸುತ್ತಿದ್ದ ಹಗ್ಗದ ಒಂದು ತುದಿ ಮಾತ್ರ ಗವರ್ನರನ ಕೈಯಲ್ಲಿತ್ತು. ಇನ್ನೊಂದು ತುದಿ ದೂರದ ಪೇಟೆಯಲ್ಲಿಯೂ ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿಯೂ ಇತ್ತು. ಬಾವುಟ ಬದಲಾದರೆ ಮೊದಲ ತುದಿ ಸಡಿಲವಾಗಬಹುದು. ಎರಡನೆಯದನ್ನು ಬಿಚ್ಚಲು ಬೇರೆಯದೇ ಆದ ಒಗ್ಗಟ್ಟು ಬೇಕು. ಅದರಲ್ಲಿ ಹಣ್ಣು ಕೊಯ್ಯುವ ಕೈಗೂ ಪಾಲಿರಬೇಕು.

ಇಂದಿನ ಯೌಕೊ

ಆತ ತಂದ ಬಾವುಟದ ಕಥೆ ಅಲ್ಲಿಗೇ ಮುಗಿಯಲಿಲ್ಲ. ೧೯೪೮ರ ಒಂದು ಕಾನೂನಿನಿಂದ ಅದನ್ನು ಹಾರಿಸುವುದೂ ಅಪರಾಧವೆನಿಸುವ ಕಾಲ ಬಂತು. ಆದರೆ ೧೯೫೨ರ ಜುಲೈ ೨೫ರಂದು, ಅಮೆರಿಕದ ಸೈನ್ಯ ಗ್ವಾನಿಕಾದಲ್ಲಿ ಇಳಿದ ತಾರೀಖಿನಂದೇ, ಅದು ಪೋರ್ಟೊರಿಕೊದ ಅಧಿಕೃತ ಬಾವುಟವಾಯಿತು. ದ್ವೀಪ ಮಾತ್ರ ಇಂದಿಗೂ ಅಮೆರಿಕದ ಅಧೀನದಲ್ಲಿಯೇ ಇದೆ.

ಯೌಕೊವನ್ನು ಜನ ಈಗಲೂ ಕಾಫಿಯ ಊರೆಂದೇ ಕರೆಯುತ್ತಾರೆ. ಕಾರ್ಸಿಕಾದ ಮನೆತನದ ಹೆಸರುಗಳು ಅಂಗಡಿಗಳ ಮೇಲೆ, ಸಮಾಧಿಗಳ ಮೇಲೆ ಇಂದಿಗೂ ಕಾಣುತ್ತವೆ. ೨೦೧೭ರ ಸೆಪ್ಟೆಂಬರಿನಲ್ಲಿ ಬಂದ ಮರಿಯಾ ಚಂಡಮಾರುತ ದ್ವೀಪದ ಲಕ್ಷಾಂತರ ಕಾಫಿ ಗಿಡಗಳನ್ನು ಬುಡಮೇಲು ಮಾಡಿತು. ೨೦೨೦ರ ಜನವರಿ ೭ರ ಭೂಕಂಪ ಗ್ವಾನಿಕಾ, ಯೌಕೊ ಕಡೆಯ ಹಳೆಯ ಮನೆಗಳನ್ನು ಅಲುಗಿಸಿತು. ಒಂದು ಕಾಲಕ್ಕೆ ಯೂರೋಪಿಗೆಲ್ಲ ಕಾಫಿ ಕಳುಹಿಸಿದ ದ್ವೀಪ ಈಗ ತಾನು ಕುಡಿಯುವ ಕಾಫಿಯಲ್ಲಿಯೇ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ.

ಆದರೂ ಬೆಟ್ಟದಲ್ಲಿ ಗಿಡ ನೆಡುವವರು ಇದ್ದಾರೆ. ಮೊದಲು ಬಾಳೆ, ಆಮೇಲೆ ನೆರಳಿನ ಮರ, ಅದರಡಿ ಕಾಫಿ. ನಿಮ್ಮಂತೆಯೇ ಅವರೂ ಮೊದಲ ಫಲಕ್ಕಾಗಿ ನಾಲ್ಕೈದು ವರ್ಷ ಕಾಯುತ್ತಾರೆ. ನಾಳೆ ಬೆಳಿಗ್ಗೆ ಕಣಕ್ಕೆ ಹೋಗಿ ಬೀಜ ಹರಡುವಾಗ, ಭೂಮಿಯ ಆಚೆ ಮಗ್ಗುಲಲ್ಲಿ ಇದೇ ಕೆಲಸ ಮಾಡುತ್ತಿರುವ ಆ ಜನರನ್ನೂ, ಅವರಲ್ಲೊಬ್ಬನಾಗಿ ಬಾಳಿದ ಅಂತೋನಿಯೊ ಮತ್ತೇಯಿಯನ್ನೂ ಒಮ್ಮೆ ನೆನೆಯಿರಿ.